ಪಡುಗಾಳಿಗೆ ಎದುರಾಗಿ ಹನುಮಕ್ಕ

ಹೊನ್ನಾವರ ಪೇಟೆಯಲ್ಲಿ ಹಗ್ಗ, ತಾಡಪತ್ರಿ, ಪೈಪು, ನಟ್ಟು-ಬೋಲ್ಟು ಮಾರುವ ಅಂಗಡಿಯೊಂದರಲ್ಲಿ ನಾನು ಸಂಬಳಕ್ಕಿದ್ದೇನೆ. ಬಿ.ಕಾಂ. ಮುಗಿಸಿದ ನನಗೆ ಮನೆಯವರು ಬ್ಯಾಂಕಿನ ಕುರ್ಚಿಯನ್ನು ಕಲ್ಪಿಸಿಕೊಂಡಿದ್ದರು. ಸಿಕ್ಕಿದ್ದು ಅಂಗಡಿಯ ಏಣಿ. ಆದರೂ ಗಿರಾಕಿಯ ಮುಖ ನೋಡಿದರೆ ಸಾಕು, ಅವರಿಗೆ ಏನು ಬೇಕೆಂದು ಹೇಳಿಬಿಡಬಲ್ಲೆ ಎಂಬ ಜಂಬವೊಂದು ನನಗಿತ್ತು. ಅದನ್ನು ಇಳಿಸಿದವಳು ಹೊಳೆಯಾಚೆಯ ಮೀನುಗಾರರ ಊರು ಕಾಸರಕೋಡದ ಹನುಮಕ್ಕ.

ಕಳೆದ ಮಾರ್ಚಿನಲ್ಲಿ ಆಕೆ ಬಂದು ನೈಲಾನ್ ಬಟ್ಟೆ ಕೇಳಿದಳು. ನಾನು ಒಂದೊಂದೇ ಸುರುಳಿ ಬಿಚ್ಚಿದೆ. ಹನುಮಕ್ಕ ಪ್ರತಿಯೊಂದರ ಅಂಚನ್ನೂ ಬಾಯಿಗೆ ಹಿಡಿದು ಬಲೂನು ಊದುವಂತೆ ಊದಿ, ಇನ್ನೊಂದು ಬದಿಗೆ ಅಂಗೈ ಇಟ್ಟು ನೋಡುತ್ತಿದ್ದಳು. ಕಡೆಗೆ ಕೇಸರಿ ಬಣ್ಣದ್ದೊಂದು ಪಾಸಾಯಿತು. ಆಮೇಲೆ ಸಪೂರ ಅಲ್ಯೂಮಿನಿಯಂ ಪೈಪು, ಹಗುರವಾದ ಹಗ್ಗ. ಬಣ್ಣದ ಬಟ್ಟೆ, ಪೈಪು, ಹಗ್ಗ, ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳು: ನನ್ನ ತಲೆಯಲ್ಲಿ ಲೆಕ್ಕ ಥಟ್ಟನೆ ಕೂಡಿತು.

"ಮದುವೆ ಮೇ ತಿಂಗಳಲ್ಲಿಯಾ ಅಕ್ಕಾ?" ಎಂದೆ.

ಆಕೆ ಹಗ್ಗದ ಗಟ್ಟಿತನ ನೋಡುವುದರಲ್ಲಿ ಮಗ್ನಳಾಗಿದ್ದಳು. "ಮಳೆ ಬರೂದ್ರೊಳಗೆ ಆಗ್ಲೇಬೇಕು ತಮಾ" ಎಂದಳು.

ಅಷ್ಟು ಸಾಕಾಯಿತು. ಚಪ್ಪರಕ್ಕೆ ಕೇಸರಿಯ ಜೊತೆ ಬಿಳಿ ಒಪ್ಪುತ್ತದೆ ಎಂದು ಬುದ್ಧಿ ಹೇಳಿದೆ. ಸಂಜೆ ಬಂದರಿನಲ್ಲಿ ಆಕೆಯ ಗಂಡ ಮಾಬ್ಲಣ್ಣ ಸಿಕ್ಕಾಗ ಕೈಕುಲುಕಿದೆ. ಅವನು ಮೀನುಗಾರಿಕೆ ದೋಣಿಯೊಂದರ ತಾಂಡೇಲ, ಅಂದರೆ ದೋಣಿ ನಡೆಸುವ ಮುಖ್ಯಸ್ಥ, ಮಾತು ಕಡಿಮೆ. ಕೈಯನ್ನು ನೋಡಿಕೊಂಡು ಸುಮ್ಮನೆ ಹೋದ. ಬೀಗರ ಕಡೆ ಸರಿಯಿಲ್ಲವೇನೋ ಎಂದುಕೊಂಡು ಆ ಮಾತನ್ನೂ ನಾಲ್ಕು ಜನರಿಗೆ ದಾಟಿಸಿದೆ.

ಮೂರನೇ ದಿನ ಮಗಳು ಸುಚಿತಾ ಕಾಲೇಜು ಬ್ಯಾಗಿನ ಸಮೇತ ಅಂಗಡಿಗೆ ನುಗ್ಗಿದಳು.

"ಉಮೇಶಣ್ಣಾ, ಹುಡುಗನ ಹೆಸ್ರು ಎಂತ?"

"ಯಾವ ಹುಡುಗ?"

"ನನ್ನ ಮದುವೆ ಆಗುವವ. ಊರೆಲ್ಲ ಕೇಳ್ತು. ನೀವೇ ಗೊತ್ತು ಮಾಡಿದ್ದಲ್ದಾ? ಕಪ್ಪೋ ಬಿಳುಪೋ ಅದಾದ್ರೂ ಹೇಳಿ."

ಆ ಬಟ್ಟೆ ಚಪ್ಪರಕ್ಕಲ್ಲ, ರೆಕ್ಕೆಗೆ ಎಂದು ಅವಳೇ ಹೇಳಿದಳು. ಅವಳ ಅಮ್ಮ ಹಾರುವವಳಿದ್ದಳು.

ಹನುಮಕ್ಕನಿಗೆ ಆಗ ನಲವತ್ತಾರೋ ನಲವತ್ತೇಳೋ. ಕೆಲಸ ತಾಡಪತ್ರಿ ಹೊಲಿಯುವುದು. ದೋಣಿಯ ಹೊದಿಕೆ, ಬಲೆಯ ಹೊದಿಕೆ, ಮಳೆಗಾಲಕ್ಕೆ ಹಂಚಿನ ಮೇಲೆ ಎಳೆಯುವ ಪರದೆ, ಎಲ್ಲವೂ ಆಕೆಯ ಮನೆಯ ಜಗಲಿಯ ದಪ್ಪ ಮಷೀನಿನಿಂದ ಹೊರಬರುತ್ತಿದ್ದವು. ಮೀನಿನ ಹಂಗಾಮಿನಲ್ಲಿ ಮಧ್ಯಾಹ್ನದ ಮೇಲೆ ಒಣಮೀನಿನ ಕೆಲಸ. ಅಪ್ಪ ಹಾಯಿದೋಣಿ ನಡೆಸಿದವನು, ಗಂಡ ಇಂಜಿನ್ ದೋಣಿ ನಡೆಸುವವನು, ಆದರೆ ಆಕೆ ಎರಡನ್ನೂ ಹತ್ತಿದವಳಲ್ಲ. ಆಕೆಯ ಮನೆತನದಲ್ಲಿ ಹೆಂಗಸರು ಹೊಳೆ ದಾಟುವ ತಾರಿ ಹತ್ತಬಹುದು, ಬಲೆ ಹಾಕುವ ದೋಣಿ ಹತ್ತುವಂತಿಲ್ಲ. ಎಂಟು ವರ್ಷದವಳಿದ್ದಾಗ ಬಲೆಯ ರಾಶಿಯಡಿ ಅಡಗಿ ಕುಳಿತು ಒಮ್ಮೆ ಸಮುದ್ರಕ್ಕೆ ಹೋಗಲು ನೋಡಿದ್ದಳಂತೆ. ಅಪ್ಪ ಜಡೆ ಹಿಡಿದು ಎಳೆದು ಹೊರಗೆ ಹಾಕಿ, ದೋಣಿ ತೊಳೆಸಿ, ಕಾಯಿ ಒಡೆಸಿದ ಮೇಲೆಯೇ ಆ ದಿನ ದೋಣಿ ಹೊರಟಿದ್ದು.

"ಆ ದಿನ ಬಲೆ ತುಂಬ ಮೀನು ಬಂತು. ನನ್ನ ಇಳ್ಸಿದ್ದಕ್ಕೇ ಬಂತು ಅಂದ್ರು ಎಲ್ಲ" ಎಂದು ಹನುಮಕ್ಕ ನನಗೆ ಹೇಳಿದ್ದಳು. "ಒಂದು ಮೀನು ಸೈತ ಬರದೇ ಹೋಗಿದ್ರೆ ನಾ ಇಷ್ಟೊತ್ತಿಗೆ ಮರ್ತಿರ್ತಿದ್ದೆ."

ಹಾರಾಟದ ಹುಚ್ಚು ಹತ್ತಿದ್ದು ಸುಚಿತಾಳಿಂದ. ಅವಳು ಬಿ.ಎಸ್ಸಿ. ಎರಡನೇ ವರ್ಷ. ಕಾಲೇಜಿನಲ್ಲಿ ಮನುಷ್ಯ ಹಾರಲು ಕಲಿತ ಚರಿತ್ರೆಯ ಬಗ್ಗೆ ಮಾತಾಡಬೇಕಿತ್ತು. ಅಮ್ಮ ಹೊಲಿಯುವ ಜಗಲಿಯಲ್ಲೇ ನಿಂತು ಅಭ್ಯಾಸ ಮಾಡುತ್ತಿದ್ದಳು. ಜರ್ಮನಿಯ ಲಿಲಿಯೆಂತಾಲ್ ಎಂಬವನು ಬೆಳ್ಳಕ್ಕಿಯಂಥ ಉದ್ದ ಕಾಲಿನ ಹಕ್ಕಿಗಳನ್ನು ವರ್ಷಗಟ್ಟಲೆ ನೋಡಿ, ಬೆತ್ತದಂಥ ಕಡ್ಡಿಗಳಿಗೆ ಹತ್ತಿಬಟ್ಟೆ ಬಿಗಿದು, ಗುಡ್ಡದಿಂದ ಓಡಿ ಓಡಿ ತೇಲಿದ ಕತೆ. ಅವನು ಕೊನೆಗೆ ಹಾಗೆಯೇ ಬಿದ್ದು ಸತ್ತ ಕತೆ. ಆ ಸುದ್ದಿ ಓದಿ ಹಿಂಜರಿಯುವ ಬದಲು ಅಮೆರಿಕದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ರೈಟ್ ಅಣ್ಣತಮ್ಮಂದಿರು ತಾವೂ ಅದೇ ಕೆಲಸಕ್ಕೆ ಇಳಿದ ಕತೆ. ಅವರು ಹುಡುಕಿಕೊಂಡು ಹೋದ ಜಾಗ ಕಿಟ್ಟಿ ಹಾಕ್ ಎಂಬ ಕಡಲ ದಂಡೆ: ಮರಳ ದಿಬ್ಬ, ಬಿಡದೆ ಬೀಸುವ ಗಾಳಿ, ಬಡ ಮೀನುಗಾರರ ಮನೆಗಳು.

"ನಮ್ಮೂರಂಗೇ ಇತ್ತು ಅನ್ನು" ಎಂದಳಂತೆ ಹನುಮಕ್ಕ. ಮಷೀನು ನಿಂತಿತ್ತು. "ಬಟ್ಟೆ ಹೊಲ್ದವ್ರು ಯಾರು?"

ಸುಚಿತಾಳಿಗೆ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಹುಡುಕಿದಳು. ಮೊದಲ ವರ್ಷ ಅಣ್ಣನಾದವನು ಆ ಊರಿನ ಟೇಟ್ ಎಂಬವರ ಮನೆಯಲ್ಲಿ ಇಳಿದುಕೊಂಡು, ಮನೆಯೊಡತಿಯ ಹೊಲಿಗೆ ಮಷೀನನ್ನು ಕೇಳಿ ಪಡೆದು, ರೆಕ್ಕೆಯ ಬಟ್ಟೆಯನ್ನು ತಾನೇ ತಿದ್ದಿ ಹೊಲಿದಿದ್ದ. ಅವರು ಊರಿಗೆ ಮರಳುವಾಗ ಬಿಟ್ಟುಹೋದ ರೆಕ್ಕೆಯಿಂದ ಬಟ್ಟೆ ಬಿಚ್ಚಿಕೊಂಡು ಆ ಮನೆಯೊಡತಿ ತನ್ನ ಹೆಣ್ಣುಮಕ್ಕಳಿಗೆ ಅಂಗಿ ಹೊಲಿದಳಂತೆ.

"ಅವಳು ಹಾರಿದ್ಳಾ?"

"ಇಲ್ಲ ಅಮ್ಮಾ. ಅವಳು ಎಂತಕ್ಕೆ ಹಾರ್ತಾಳೆ?"

"ಮಷೀನು ಅವಳ್ದು. ಹಾರಿದ್ದು ಇವ್ರು. ಆತು ಬಿಡು" ಎಂದು ಹನುಮಕ್ಕ ಮತ್ತೆ ಪೆಡಲು ತುಳಿದಳು. ಮಾರನೇ ವಾರ ನಮ್ಮ ಅಂಗಡಿಗೆ ಬಂದು ಬಟ್ಟೆ ಊದಿದಳು.

ನಾನು ಮದುವೆಯ ಸುದ್ದಿಯ ತಪ್ಪೊಪ್ಪಿಗೆಗೆಂದು ಒಂದು ಭಾನುವಾರ ಅವರ ಮನೆಗೆ ಹೋದೆ. ಅಂಗಳದಲ್ಲಿ ರೆಕ್ಕೆಯ ಎಲುಬು ಆಗಲೇ ಎದ್ದಿತ್ತು. ಗೇರುಸೊಪ್ಪ ಕಡೆಯಿಂದ ತರಿಸಿದ ಬಿದಿರನ್ನು ಸೀಳಿ, ಬೆಂಕಿಗೆ ಹಿಡಿದು ಬಗ್ಗಿಸಿ, ಪೈಪಿಗೆ ಹಗ್ಗದಲ್ಲಿ ಬಿಗಿದಿದ್ದಳು. ಚಿತ್ರ ಸುಚಿತಾಳ ಮೊಬೈಲಿನಲ್ಲಿತ್ತು, ಗಂಟುಗಳು ಅಪ್ಪನಿಂದ ಕಲಿತವು. ನಡುವೆ ಒಂದು ಕಿಂಡಿ. ಅಲ್ಲಿ ನಿಂತು ಎರಡೂ ತೋಳು ತೂರಿಸಿ ಹಿಡಿದರೆ ಇಡೀ ರೆಕ್ಕೆ ಹೆಗಲ ಮೇಲೆ ಬರುತ್ತಿತ್ತು.

"ಬಂದ್ಯಾ? ಬಾ. ಮಾತು ಹರಡ್ತೆ, ಹಗ್ಗ ಹಿಡೂಕೆ ಬತ್ತಾ ಇಲ್ವಾ?" ಎಂದಳು.

ಬರುತ್ತದೆ ಎಂದೆ. ಹಗ್ಗ ಮಾರುವುದಕ್ಕೂ ಹಿಡಿಯುವುದಕ್ಕೂ ಎಷ್ಟು ಅಂತರವಿದೆ ಎಂದು ನನಗೆ ಆಗ ಗೊತ್ತಿರಲಿಲ್ಲ.

ಮಾಬ್ಲಣ್ಣ ಜಗಲಿಯ ಕಂಬಕ್ಕೊರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅವನು ಬೇಡವೆಂದೂ ಅನ್ನಲಿಲ್ಲ, ಸೈ ಎಂದೂ ಅನ್ನಲಿಲ್ಲ. ಒಂದೇ ಮಾತು ಹೇಳಿದ: "ಮಳೆ ಬಿದ್ರೆ ಸಮುದ್ರ ನೀ ಹಾರೂಕೆ ನೋಡಿಟ್ಟ ಮರಳ ದಿಬ್ಬ ತಿಂತದೆ. ಅಷ್ಟ್ರೊಳಗೆ ನೆಲ ಬಿಟ್ಟು ಎದ್ರೆ ಎದ್ದೆ. ಇಲ್ದಿದ್ರೆ ಈ ಬಟ್ಟೆ ನನ್ನ ಬಲೆಗೆ ಹೊದಿಕೆ."

"ಆತು" ಎಂದಳು ಹನುಮಕ್ಕ.

"ಇನ್ನೊಂದ್ಸಲ ರೆಕ್ಕೆ ಅಂತ ಮಾತೆತ್ತೂಕಿಲ್ಲ."

"ಆತು ಅಂದ್ನಲ್ಲ."

ದಿಬ್ಬ ಇರುವುದು ಗಾಳಿಮರದ ತೋಪಿನ ಆಚೆ, ಸಮುದ್ರಕ್ಕೆ ಮುಖ ಮಾಡಿ. ಎರಡಾಳು ಎತ್ತರ, ಓಡಿ ಇಳಿಯಲು ಹದವಾದ ಇಳಿಜಾರು. ಹನುಮಕ್ಕ ಸಮಯ ಗೊತ್ತುಮಾಡಿದ್ದು ಬೆಳಗ್ಗೆ. ಅದಕ್ಕೆ ಕಾರಣವಿತ್ತು. ಬೆಳಗಿನ ಹೊತ್ತು ನಮ್ಮ ದಂಡೆಯಲ್ಲಿ ಗಾಳಿ ಘಟ್ಟದ ಕಡೆಯಿಂದ ಸಮುದ್ರಕ್ಕೆ ಬೀಸುತ್ತದೆ, ಅದು ಮೂಡಗಾಳಿ. ಹಾಯಿಯ ಕಾಲದಲ್ಲಿ ಆ ಗಾಳಿಗೆ ದೋಣಿ ಹೊರಡುತ್ತಿದ್ದವು. ಮಧ್ಯಾಹ್ನದ ಮೇಲೆ ಸಮುದ್ರದಿಂದ ಬೀಸುವ ಪಡುಗಾಳಿ ಮನೆಗೆ ತರುವ ಗಾಳಿ. ಆಕೆಯ ಅಪ್ಪ ಎಂದೂ ಪಡುಗಾಳಿಗೆ ಹೊರಟವನಲ್ಲ. ಹೊರಡುವವರ ಬೆನ್ನಿಗೆ ಗಾಳಿ ಇರಬೇಕು ಎಂಬುದರಲ್ಲಿ ಆಕೆಗೆ ಅನುಮಾನವೇ ಇರಲಿಲ್ಲ.

"ಅಮ್ಮಾ, ಆ ಅಣ್ಣತಮ್ಮ ಗಾಳಿಗೆ ಎದುರಾಗಿ ಓಡಿದ್ರು ಅಂತ ಬರ್ದಿದೆ" ಎಂದು ಸುಚಿತಾ ಹೇಳಿದ್ದಳು.

"ಎದುರುಗಾಳಿಗೆ ಯಾವ ಹುಚ್ಚ ಹೊರಡ್ತ? ಸಮಾ ಓದು. ಇಂಗ್ಲಿಷು ತಪ್ಪಿರ್ತು."

ಮೊದಲ ಸಲ ಆಕೆ ಗಂಡನ ಹಳೇ ಶರ್ಟು, ಮಗಳ ಟ್ರ್ಯಾಕ್ ಪ್ಯಾಂಟು, ನನ್ನ ಸ್ಕೂಟರಿನ ಹೆಲ್ಮೆಟ್ಟು ಹಾಕಿಕೊಂಡು ದಿಬ್ಬದ ಮೇಲೆ ನಿಂತಳು. ಎರಡು ರೆಕ್ಕೆಯ ತುದಿಗೆ ಕಟ್ಟಿದ ಹಗ್ಗಗಳಲ್ಲಿ ಒಂದು ಸುಚಿತಾಳ ಕೈಯಲ್ಲಿ, ಒಂದು ನನ್ನ ಕೈಯಲ್ಲಿ. ಹೆಚ್ಚು ಮೇಲೆ ಹೋದರೆ ತಡೆಯಲು, ವಾಲಿದರೆ ಎಳೆಯಲು. ಹೆಚ್ಚು ಮೇಲೆ ಹೋಗುವ ಭಯ ನನಗೆ ತುಂಬಾ ಇತ್ತು. ಮರಳು ಬಿಗಿಯಾಗಿದೆಯೆಂದು ಕಾಲೂರಿ ನಿಂತೆ. ಆಕೆ ಓಡಿದಳು. ಬೆನ್ನಿನಿಂದ ಬಂದ ಗಾಳಿ ರೆಕ್ಕೆಯ ಹಿಂಬದಿಗೆ ಹೊಕ್ಕು ಅದರ ಮುಂದಿನ ಅಂಚನ್ನು ಕೆಳಗೆ ಒತ್ತಿತು. ಹನುಮಕ್ಕ ಮುಖ ಅಡಿಯಾಗಿ ಬಿದ್ದಳು. ನನ್ನ ಹಗ್ಗ ನನ್ನನ್ನೂ ಎಳೆದುಕೊಂಡು ಹೋಗಿ ಆಕೆಯ ಪಕ್ಕದಲ್ಲೇ ಬೀಳಿಸಿತು. ಬಾಯಿಂದ ಮರಳು ಉಗಿದು ಆಕೆ ಕೇಳಿದ ಮೊದಲ ಮಾತು: "ನೀ ಎಂತಕ್ಕೆ ಬಿದ್ದೆ?"

ಏಪ್ರಿಲ್ ಇಡೀ ಹೀಗೆಯೇ. ಬಿದಿರು ಮುರಿಯುತ್ತಿತ್ತು, ಹೊಸತು ಬರುತ್ತಿತ್ತು. ಆಕೆ ರೆಕ್ಕೆಯ ಕೆಳಭಾಗಕ್ಕೆ ಭಾರ ಕಟ್ಟಿ ನೋಡಿದಳು, ದೋಣಿಗೆ ಕಲ್ಲು ಹಾಕುವ ಹಾಗೆ. ಬಾಲ ಉದ್ದ ಮಾಡಿದಳು. ತುಟಿ ಒಡೆಯಿತು, ಮೊಣಕೈ ಬಾತಿತು. ಮುಂಜಾನೆಯಾದರೂ ಸುದ್ದಿ ಬಂದರು ತಲುಪದೆ ಇರುತ್ತದೆಯೇ? ಮೀನು ಹರಾಜಿನಲ್ಲಿ ಹೆಂಗಸರು, "ಹನುಮಕ್ಕಾ, ಲಂಕೆಗೆ ಹೊರಟ್ಯಾ? ಬರುವಾಗ ನಮ್ಗೂ ಎಂತಾದ್ರೂ ತಕ್ಕಂಡು ಬಾ" ಎನ್ನುತ್ತಿದ್ದರು. ಮಾಬ್ಲಣ್ಣನ ದೋಣಿಯ ಹುಡುಗರು ಅವನೆದುರು ಸುಮ್ಮನಿದ್ದು, ಬೆನ್ನ ಹಿಂದೆ ಕೈ ಬಡಿದು ರೆಕ್ಕೆ ಆಡಿಸುತ್ತಿದ್ದರು. ನನ್ನ ಅಂಗಡಿಯ ಧಣಿ ಲೋಕೇಶಣ್ಣ, "ನಿನ್ನ ಗಿರಾಕಿ ಸತ್ರೆ ಹಗ್ಗ ನಮ್ಮ ಅಂಗಡೀದು ಅಂತ ಹೇಳ್ಬೇಡ ಮಾರಾಯಾ" ಎಂದು ಮುಂಚಿತವಾಗಿಯೇ ತಿಳಿಸಿದ್ದ.

ಮೇ ತಿಂಗಳು ಅರ್ಧ ದಾಟಿತು. ಘಟ್ಟದ ಮೇಲೆ ಸಂಜೆ ಗುಡುಗಲು ಶುರುವಾಗಿತ್ತು. ನಾನು ಮನಸ್ಸಿನಲ್ಲೇ ಕೇಸರಿ ಬಟ್ಟೆಯನ್ನು ಮಾಬ್ಲಣ್ಣನ ಬಲೆಯ ಮೇಲೆ ಹೊದಿಸಿಬಿಟ್ಟಿದ್ದೆ.

ಒಂದು ಮಧ್ಯಾಹ್ನ ಅಂಗಡಿಯಿಂದ ಒಂದು ಸುರುಳಿ ಹಗ್ಗ ತಲುಪಿಸಲು ಕಾಸರಕೋಡಕ್ಕೆ ಹೋದವನು ಮೀನು ಒಣಗಿಸುವ ಅಂಗಳ ಹಾದುಹೋದೆ. ಹಾಸಿದ ಬಲೆಯ ಮೇಲೆ ಬಂಗಡೆ ಹರಡಿತ್ತು. ಸುತ್ತ ಹೆಂಗಸರು ಉದ್ದ ಕೋಲು ಹಿಡಿದು ಹದ್ದು ಕಾಗೆಗಳಿಂದ ಮೀನು ಕಾಯುತ್ತಿದ್ದರು. ಈ ಕಾವಲಿಗೂ ಒಂದು ಕ್ರಮವಿದೆ. ಬೆಳಗ್ಗೆ ಎಲ್ಲರೂ ಸಮುದ್ರದ ಬದಿಗೆ ಕೂರುತ್ತಾರೆ, ಮಧ್ಯಾಹ್ನದ ಮೇಲೆ ಎದ್ದು ಬಂದು ತೋಪಿನ ಬದಿಗೆ ಕೂರುತ್ತಾರೆ. ಹಕ್ಕಿ ಮೀನಿಗೆ ಇಳಿಯುವುದು ಆಯಾ ಹೊತ್ತಿಗೆ ಆಯಾ ಬದಿಯಿಂದಲೇ. ಹುಟ್ಟಿದಾಗಿನಿಂದ ನೋಡಿದ್ದು; ಯಾಕೆಂದು ಯಾರೂ ಕೇಳಿಕೊಂಡವರಲ್ಲ.

ಹನುಮಕ್ಕ ಕೋಲು ಕೆಳಗಿಟ್ಟು ನಿಂತಿದ್ದಳು. ಒಂದು ಹದ್ದು ಆಕೆಯ ತಲೆಯ ಮೇಲಿಂದ ಹಾದು, ಪಡುಗಾಳಿಗೆ ಮುಖ ಕೊಟ್ಟು, ಎರಡೂ ರೆಕ್ಕೆ ಹರಡಿ ನಿಧಾನ ಇಳಿಯಿತು. ಒಂದು ಬಂಗಡೆ ಕಚ್ಚಿ, ಅದೇ ಮುಖದಲ್ಲಿ, ಸಮುದ್ರದ ಕಡೆಗೆ ಎರಡು ಹೆಜ್ಜೆ ಕುಪ್ಪಳಿಸಿ ಎದ್ದುಹೋಯಿತು.

"ಹನುಮಕ್ಕಾ! ಮೀನು ಹೋತು! ಕಣ್ಣು ಎಲ್ಲಿಟ್ಟಿದ್ಯೇ?" ಎಂದು ಆಚೆಯಿಂದ ಮಹಾಲಕ್ಷ್ಮೀ ಕೂಗಿದಳು. ಅವಳು ಪಕ್ಕದ ಮನೆಯವಳು. ಅರ್ಧ ಮೀನು ಅವಳದ್ದೇ.

ಹನುಮಕ್ಕ ಬಗ್ಗಿ ಇನ್ನೊಂದು ಬಂಗಡೆ ಎತ್ತಿ, ಖಾಲಿ ಮರಳಿನ ಮೇಲೆ ಎಸೆದಳು. ಕಾಗೆ ಬಂತು. ಅದೂ ಗಾಳಿಗೆ ಎದುರಾಗಿಯೇ ಇಳಿಯಿತು, ಎದುರಾಗಿಯೇ ಎದ್ದಿತು. ಮತ್ತೊಂದು ಎಸೆದಳು. ಮತ್ತೊಂದು ಹದ್ದು. ಒಂದೂ ಗಾಳಿಗೆ ಬೆನ್ನು ಕೊಟ್ಟು ಏಳಲಿಲ್ಲ.

"ಅಯ್ಯೋ, ಇವಳಿಗೆ ಬಿಸಿಲು ತಲೆಗೆ ಹೋತೇ! ನನ್ನ ಮೀನು ಎಸೀತಾ ಇದ್ಳು!"

"ಸುಮ್ನಿರೇ, ನನ್ನ ಬುಟ್ಟಿಯಿಂದ ತಕ್ಕ. ಇನ್ನೊಂದು ಹಾಕು, ಹಾಕಿ ನೋಡು" ಎಂದು ಹನುಮಕ್ಕ ಅವಳಿಗೇ ಬಂಗಡೆ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. ಇಷ್ಟು ವರ್ಷ ಇದೇ ಜಾಗದಲ್ಲಿ ಕುಳಿತು ಇದೇ ಹಕ್ಕಿಗಳನ್ನು ಬೈದವಳ ಮುಖದಲ್ಲಿ ಸಿಟ್ಟಿತ್ತು. ಅದು ಹಕ್ಕಿಗಳ ಮೇಲಲ್ಲ.

"ನಮ್ಮಪ್ಪ ಹೇಳಿದ್ದು ದೋಣಿಗೆ" ಎಂದಳು. "ನಾ ಅದನ್ನ ರೆಕ್ಕೆಗೆ ಕಟ್ಟಿದೆ. ನಾಳೆ ಪಡುಗಾಳಿಗೆ ಮಾಡುವ. ಹಗ್ಗ ಹಿಡೂಕೆ ಬಾ."

"ನಾಳೆ ಮಧ್ಯಾಹ್ನವಾ? ಆಗ ದೋಣಿಯೆಲ್ಲ ಬರುವ ಹೊತ್ತು ಅಕ್ಕಾ. ದಂಡೆ ತುಂಬ ಜನ ಇರ್ತಾರೆ."

"ಇರ್ಲಿ."

"ಬಿದ್ರೆ?"

"ಇಷ್ಟು ದಿನ ಬಿದ್ದದ್ದು ಯಾರಿಗೆ ಗೊತ್ತಿಲ್ಲ? ಇನ್ನು ಕದ್ದು ಬೀಳೂದು ಎಂತಕ್ಕೆ?"

ಸುಚಿತಾಳ ಇಂಗ್ಲಿಷು ಸರಿಯಿತ್ತು ಎಂದು ಆಕೆ ಬಾಯಿಬಿಟ್ಟು ಹೇಳಲಿಲ್ಲ. ಮಗಳ ಕೈಗೆ ಎರಡು ದೊಡ್ಡ ಬಂಗಡೆ ಕೊಟ್ಟು, "ನಿಂಗೆ ಖಾರ ಹೆಚ್ಚು ಹಾಕಿ ಮಾಡ್ಕ" ಎಂದಳಂತೆ. ಅವರ ಮನೆಯಲ್ಲಿ ಅದೇ ಕ್ಷಮಾಪಣೆ.

ಮಾರನೇ ದಿನ ನಾನು ಲೋಕೇಶಣ್ಣನಿಗೆ ಹಲ್ಲುನೋವು ಎಂದು ಹೇಳಿ ಹೊರಟೆ. ಅವನು ನನಗಿಂತ ಮುಂಚೆ ದಿಬ್ಬದ ಬಳಿ ನಿಂತಿದ್ದ. ಅಂಗಡಿಗೆ ಬೀಗ ಹಾಕಿ ಬಂದಿದ್ದನಂತೆ. "ಹಲ್ಲು ಹೆಂಗಿದೆ?" ಎಂದು ವಿಚಾರಿಸಿದ.

ಮಹಾಲಕ್ಷ್ಮೀ ಒಣಮೀನನ್ನು ಬಿಟ್ಟು ಬಂದಿದ್ದಳು. ಹರಾಜು ಅರ್ಧಕ್ಕೆ ನಿಂತಿತ್ತು. ನಮ್ಮ ಕಡೆಯ ಸುದ್ದಿಗಳನ್ನು ಮೊಬೈಲಿನಲ್ಲಿ ತೋರಿಸುವ ದಿನಕರ ತನ್ನ ಪುಟ್ಟ ಮೈಕು ಸಮೇತ ಹಾಜರಿದ್ದ. ಸಮುದ್ರದಿಂದ ಗಾಳಿ ಗಟ್ಟಿಯಾಗಿ ಬೀಸುತ್ತಿತ್ತು. ಹನುಮಕ್ಕ ರೆಕ್ಕೆ ಹೊತ್ತು ದಿಬ್ಬ ಹತ್ತಿದಳು. ಭಾರದ ಕಲ್ಲು ಬಿಚ್ಚಿ ಹಾಕಿದ್ದಳು. ಮೇಲೆ ನಿಂತು ಸಮುದ್ರಕ್ಕೆ ಮುಖ ಮಾಡಿದಾಗ, ರೆಕ್ಕೆ ಹೆಗಲ ಮೇಲೆ ತಾನೇ ಮಿಸುಕಾಡಿತು. ಇಷ್ಟು ದಿನ ಅದು ಹೊರೆಯ ಹಾಗೆ ಕೂತಿರುತ್ತಿತ್ತು.

ಆಗ ದಂಡೆಗೆ ಹತ್ತಿದ ದೋಣಿಯಿಂದ ಇಳಿದು ಮಾಬ್ಲಣ್ಣ ಬಂದ. ಮೈಯೆಲ್ಲ ಉಪ್ಪು. ಅವನ ಹುಡುಗರು ಹಿಂದೆಯೇ. ನೇರ ನನ್ನ ಬಳಿ ಬಂದು ಕೈ ಚಾಚಿದ.

"ಹಗ್ಗ ಕೊಡು. ನೀ ಬೀಳ್ತೆ."

ಕೊಟ್ಟೆ. ಅವಮಾನವೂ ಆಯಿತು, ಜೀವಕ್ಕೆ ನಿರಾಳವೂ ಆಯಿತು. ಇನ್ನೊಂದು ಹಗ್ಗ ಹಿಡಿದ ಮಗಳಿಗೆ ಅವನು, "ಎಳೀಬೇಡ. ಸಡಿಲ ಬಿಡು. ವಾಲಿದ್ರೆ ಮಾತ್ರ" ಎಂದ. ಆಮೇಲೆ ಮೇಲೆ ನೋಡಿ, "ಹನುಮೀ, ಪಡುಗಾಳಿಗೆ ಹೊರಡ್ತ್ಯಾ?" ಎಂದು ಕೂಗಿದ.

"ಹೊರಟೆ!"

ನನ್ನ ಕೈ ಖಾಲಿಯಾದ್ದರಿಂದ ಸುಚಿತಾ ತನ್ನ ಮೊಬೈಲು ಕೊಟ್ಟು ವಿಡಿಯೋ ತೆಗೆಯಲು ಹೇಳಿದಳು. ರೈಟ್ ಅಣ್ಣತಮ್ಮಂದಿರ ಮೊದಲ ಹಾರಾಟದ ಫೋಟೋ ಹೊಡೆದವನು, ದಂಡೆಯಲ್ಲಿ ಮುಳುಗುವವರನ್ನು ಕಾಪಾಡುವ ಕೆಲಸದಲ್ಲಿದ್ದ ಒಬ್ಬಾತ. ಅದಕ್ಕೆ ಮೊದಲು ಕ್ಯಾಮೆರಾ ಮುಟ್ಟಿಯೇ ಇರಲಿಲ್ಲವಂತೆ. ಆದರೂ ಆ ಫೋಟೋ ಇಂದಿಗೂ ಪಾಠದ ಪುಸ್ತಕಗಳಲ್ಲಿದೆ. ಹತ್ತು ವರ್ಷದಿಂದ ಮೊಬೈಲು ಉಜ್ಜುತ್ತಿರುವ ನಾನು ತೆಗೆದ ವಿಡಿಯೋದಲ್ಲಿ ಮೊದಲು ನನ್ನ ಹೆಬ್ಬೆರಳು, ಆಮೇಲೆ ನನ್ನ ಚಪ್ಪಲಿ, ಆಮೇಲೆ ಲೋಕೇಶಣ್ಣನ ಬೆನ್ನು ಇವೆ. ಹಾಗಾಗಿ ಕಂಡದ್ದನ್ನು ಬರೆದೇ ಹೇಳಬೇಕು.

ಆಕೆ ಓಡಿದಳು. ಓಡಿದ ದಿಕ್ಕು ಹಿಂದಿನದ್ದೇ, ಇಳಿಜಾರೂ ಅದೇ. ಆದರೆ ನಾಲ್ಕೈದು ಹೆಜ್ಜೆಗೆ ಕಾಲು ಮರಳನ್ನು ಒತ್ತುವುದು ಕಡಿಮೆಯಾಯಿತು. ಹೆಜ್ಜೆಯ ಗುರುತು ಆಳದಿಂದ ತೆಳುವಾಗಿ, ಕಡೆಗೆ ಬರೀ ಬೆರಳಿನ ತುದಿಯಷ್ಟಾಗಿ, ಅಲ್ಲಿಗೆ ಮುಗಿದೇ ಹೋಯಿತು. ಹನುಮಕ್ಕನ ಕಾಲು ಗಾಳಿಯಲ್ಲಿ ಇನ್ನೂ ಓಡುತ್ತಲೇ ಇತ್ತು. ಕೇಸರಿ ರೆಕ್ಕೆ ಒಮ್ಮೆ ಎಡಕ್ಕೆ ವಾಲಿತು. ಮಾಬ್ಲಣ್ಣ ಹಗ್ಗವನ್ನು ಬೆರಳಿನಲ್ಲಿ ಮೀಟಿದ ಹಾಗೆ ಎಳೆದ, ನೆಟ್ಟಗಾಯಿತು. ಒಂದು ದೊಡ್ಡ ದೋಣಿಯ ಉದ್ದಕ್ಕಿಂತ ಸ್ವಲ್ಪ ಹೆಚ್ಚೇ ಇರಬೇಕು, ನಮ್ಮ ತಲೆಯ ಎತ್ತರದಲ್ಲಿ ಆಕೆ ಹೋದಳು. ಆಮೇಲೆ ರೆಕ್ಕೆ ಸುಸ್ತಾದಂತೆ ತಗ್ಗಿ, ಆಕೆಯನ್ನು ತೆರೆಯ ಅಂಚಿನ ಮೊಣಕಾಲು ನೀರಿನಲ್ಲಿ ಕೂರಿಸಿ, ಮೇಲಿಂದ ತಾನೂ ಮಲಗಿತು.

ಮೊದಲು ಓಡಿದವರು ಮಾಬ್ಲಣ್ಣನ ದೋಣಿಯ ಹುಡುಗರು. ಬೆನ್ನ ಹಿಂದೆ ಕೈ ಬಡಿಯುತ್ತಿದ್ದ ಅವರೇ, ಬಲೆ ಎತ್ತುವ ಹಾಗೆ ರೆಕ್ಕೆಯನ್ನು ನಾಲ್ಕೂ ಕಡೆಯಿಂದ ಎತ್ತಿ ಹಿಡಿದರು. ಅದರಡಿಯಿಂದ ಹನುಮಕ್ಕ ಹೆಲ್ಮೆಟ್ಟಿನಿಂದ ನೀರು ಸುರಿಸುತ್ತ ಹೊರಬಂದಳು. ಸುಚಿತಾ ಅಮ್ಮನನ್ನು ಅಪ್ಪಿಕೊಂಡು ಅಳುತ್ತಲೂ ನಗುತ್ತಲೂ ಇದ್ದಳು. ಮಾಬ್ಲಣ್ಣ ದಂಡೆಯಲ್ಲೇ ನಿಂತು ಹಗ್ಗವನ್ನು ನಿಧಾನವಾಗಿ ಸುತ್ತುತ್ತಿದ್ದ. "ಬಲೆಗೆ ಬೇರೆ ಹೊದಿಕೆ ಹೊಲಿ" ಎಂದಷ್ಟೇ ಹೇಳಿದ್ದು ನನಗೆ ಕೇಳಿಸಿತು.

ಅಷ್ಟರಲ್ಲಿ ದಿನಕರ ಪ್ಯಾಂಟು ಮಡಚಿ ನೀರಿಗಿಳಿದು ಮೈಕು ಚಾಚಿದ. ಹೇಗನ್ನಿಸಿತು, ಹೆದರಿಕೆ ಆಯಿತೇ ಎಂದೆಲ್ಲ ಕೇಳಿದ. ಹನುಮಕ್ಕ ಹೂಂ, ಊಹೂಂ ಎಂದಳು. ಅವನಿಗೆ ಅದು ಸಾಲಲಿಲ್ಲ. ಸ್ವರ ಗಂಭೀರ ಮಾಡಿಕೊಂಡ.

"ಅಕ್ಕಾ, ಬೇಜಾರು ಮಾಡ್ಕಬೇಡಿ, ಜನ ಕೇಳ್ತಾರೆ ಅಂತ ಕೇಳ್ತೆ. ಮನೇಲಿ ಓದುವ ಮಗಳಿದ್ದಾಳೆ. ನಿಮ್ಗೇ ಎಂತಾದ್ರೂ ಆಗಿದ್ರೆ ಅವಳ ಗತಿ ಎಂತ ಅಂತ ಒಂದ್ಸಲ ಆದ್ರೂ ಯೋಚ್ನೆ ಮಾಡಿದ್ರಾ?"

ಸುಚಿತಾ ಬಾಯಿ ತೆರೆದಳು. ಹನುಮಕ್ಕ ಅವಳ ಕೈ ಒತ್ತಿದಳು. ಶರ್ಟಿನ ತುದಿಯ ನೀರು ಹಿಂಡಿ, ದಂಡೆಯಲ್ಲಿ ಹಗ್ಗ ಸುತ್ತುತ್ತಿದ್ದ ಗಂಡನ ಕಡೆ ಗದ್ದ ಎತ್ತಿ ತೋರಿಸಿದಳು.

"ಅವಳ ಅಪ್ಪ ಅಲ್ಲಿ ನಿಂತಿದ್ರು ಕಾಣು. ಅವಳು ಹುಟ್ಟೂಕೆ ಮೊದ್ಲಿಂದ್ಲೂ ದಿನಾ ಸಮುದ್ರಕ್ಕೆ ಹೋಗ್ತ್ರು. ಹೋಗಿ ಇದನ್ನೇ ಅವ್ರ ಹತ್ರ ಕೇಳ್ಕಂಡು ಬಾ, ಆಮೇಲೆ ನಾ ಹೇಳ್ತೆ."